ಚಿಕ್ಕಮಗಳೂರಿನಲ್ಲಿ ತುಪ್ಪುಳಿನ ಅಂಗಿ ಕೇಳಿದ್ದು

ಅದು ಎರಡು ಸಾವಿರದ ಇಪ್ಪತ್ತನಾಲ್ಕನೆಯ ಇಸವಿ. ನನಗೆ ಆಗ ಐವತ್ತನಾಲ್ಕು ವರ್ಷ. ಕಳಸದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿ, ಅವಧಿಗೆ ಮುನ್ನವೇ ನಿವೃತ್ತಿ ಪಡೆದಿದ್ದೆ. ಸವರ್ಣದೀರ್ಘ ಸಂಧಿಗೆ ಪ್ರತಿವರ್ಷವೂ ನಾನು ಕೊಡುತ್ತಿದ್ದ ಉದಾಹರಣೆ ‘ಹಿಮಾಲಯ’. ಪದವನ್ನು ಬಿಡಿಸಿ ತೋರಿಸಿದ್ದೇನೆ. ಒಳಗಿರುವ ಹಿಮವನ್ನು ಮಾತ್ರ ಎಂದೂ ಕಂಡವನಲ್ಲ. ಕಾಲಿಟ್ಟರೆ ಅದು ಯಾವ ಸದ್ದು ಮಾಡುತ್ತದೆ, ಕೈಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಕುತೂಹಲ ವಯಸ್ಸಿನೊಡನೆ ಹಂಬಲವಾಗಿ ಬೆಳೆದಿತ್ತು.

ಆ ವರ್ಷ ಮೂಡಿಗೆರೆಯ ಚಾರಣಿಗರ ತಂಡವೊಂದು ಬರುವ ಜನವರಿಯಲ್ಲಿ ಉತ್ತರಾಖಂಡಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಅದರಲ್ಲಿ ಉಳಿದಿದ್ದ ಕೊನೆಯ ಸ್ಥಾನ ನನಗೆ ದೊರೆಯಿತು. “ಬೆನ್ನಿನ ಚೀಲ ಹಗುರ ಇರ್ಬೇಕು ಸಾರ್. ಒಂದು ಒಳ್ಳೇ ಡೌನ್ ಜಾಕೆಟ್ ತಗೊಳ್ಳಿ,” ಎಂದು ತಂಡದ ಮುಖ್ಯಸ್ಥರು ಹೇಳಿದ್ದರು. ಅದನ್ನು ಆರಿಸಲೆಂದೇ ಹೆಂಡತಿ ಸರೋಜಳೊಡನೆ ನವೆಂಬರಿನ ಒಂದು ಬೆಳಿಗ್ಗೆ ಚಿಕ್ಕಮಗಳೂರಿಗೆ ಹೊರಟೆ.

ಖಾಸಗಿ ಬಸ್ಸಾದ್ದರಿಂದ ಹೆಂಗಸರಿಗೂ ಟಿಕೆಟ್ಟು ಇತ್ತು. ದಾರಿಯುದ್ದಕ್ಕೂ ಕಾಫಿ ಹಣ್ಣು ಕೆಂಪಾಗಿತ್ತು. ಕಣಗಳಲ್ಲಿ ಹರವಿದ್ದ ಹಣ್ಣಿನ ಮೇಲೆ ಮೋಡಕ್ಕೆ ಹೆದರಿ ಟಾರ್ಪಾಲು ಮುಚ್ಚಿದ್ದರು. ಪಕ್ಕದ ಸೀಟಿನಲ್ಲಿ ಎಸ್ಟೇಟೊಂದರ ಲೆಕ್ಕಪತ್ರ ಬರೆಯುವ ರೈಟರ್ ಮಂಜಪ್ಪ ಕುಳಿತಿದ್ದರು. ನಮ್ಮ ಪ್ರಯಾಣದ ಉದ್ದೇಶ ಕೇಳಿ ನಕ್ಕುಬಿಟ್ಟರು.

“ಚಳಿ ಹುಡ್ಕೊಂಡು ಅಷ್ಟು ದೂರ ಹೋಗ್ತೀರಾ ಮೇಷ್ಟ್ರೇ? ಇಲ್ಲಿಂದು ಸಾಲ್ದಾ ಮಾರಾಯ್ರೆ? ಬೇಕಾದ್ರೆ ನಮ್ಮ ಎಸ್ಟೇಟಿನ ಕೂಲಿ ಲೈನಲ್ಲಿ ಒಂದು ರಾತ್ರಿ ಮಲಗಿ, ಬಿಟ್ಟಿ ಕೊಡ್ತೀವಿ.”

“ಇಲ್ಲಿನ ಚಳಿ ಬೆಳ್ಳಗಿಲ್ವಲ್ಲ ಮಂಜಪ್ಪನೋರೆ,” ಎಂದಳು ಸರೋಜ. ನಾನು ಹೇಳಬೇಕಾದ ಮಾತನ್ನು ಅವಳೇ ಹೇಳಿದ್ದು ನನಗೆ ಸ್ವಲ್ಪ ಆಶ್ಚರ್ಯವನ್ನುಂಟುಮಾಡಿತು.

ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಿತು. ನೀರುದೋಸೆ, ಕಾಯಿಚಟ್ನಿ, ಕಾಫಿ. ಮಂಜು ಹೋಟೆಲಿನೊಳಕ್ಕೂ ಬಂದು ಮೇಜಿನ ಮೇಲೆ ತೇವವಾಗಿ ಕುಳಿತಿತ್ತು. ಅಲ್ಲಿಂದ ಮೂಡಿಗೆರೆಯ ಮೂಲಕ ಚಿಕ್ಕಮಗಳೂರು ಮುಟ್ಟುವಷ್ಟರಲ್ಲಿ ಬಿಸಿಲು ಬಂದಿತ್ತು.

ಚಾರಣದ ಸಾಮಾನು ಮಾರುವ, ಬಾಡಿಗೆಗೂ ಕೊಡುವ ಅಂಗಡಿ ಪೇಟೆಯೊಳಗಿತ್ತು. ಹಣೆಯ ತುಂಬ ವಿಭೂತಿ ಧರಿಸಿದ್ದ ಯಜಮಾನರು ಏನು ಬೇಕೆಂದು ಕೇಳಿದರು. ಕನ್ನಡದಲ್ಲಿ ಪದವಿರುವಾಗ ಇಂಗ್ಲಿಷನ್ನು ಆಶ್ರಯಿಸುವುದು ನನಗೆ ಸೇರದು. ಹಕ್ಕಿಯ ಗರಿಯ ಬುಡದಲ್ಲಿ ಮೈಗಂಟಿ ಬೆಳೆಯುವ ಮೃದುವಾದ ಎಳೆಗೆ ನಮ್ಮಲ್ಲಿ ಸೊಗಸಾದ ಹೆಸರಿದೆ.

“ತುಪ್ಪುಳಿನ ಅಂಗಿ ಇದೆಯೇ?” ಎಂದೆ.

“ತುಪ್ಪದ ಅಂಗಡಿ ಆಚೆ ಬೀದೀಲಿ ಸಾರ್.”

“ತುಪ್ಪವಲ್ಲ, ತುಪ್ಪುಳು. ಬಾತುಕೋಳಿಯ ಎದೆಯ ಭಾಗದಲ್ಲಿರುವ ನವಿರಾದ ಪುಕ್ಕ. ಅದನ್ನು ತುಂಬಿ ಹೊಲಿದ ಅಂಗಿ.”

“ಓ, ಡೌನ್ ಜಾಕೆಟ್ಟಾ! ಹಾಗನ್ನಿ ಮತ್ತೆ.”

ಅವರು ಒಳಗೆ ಹೋದರು. ಸರೋಜ ನನ್ನತ್ತ ತಿರುಗಿದಳು. ಡೌನ್ ಎಂದರೆ ಮೊಣಕಾಲಿನ ಕೆಳಗಿನವರೆಗೆ ಬರುವ ಉದ್ದನೆಯ ಕೋಟೆಂದು ಅವಳು ತಿಳಿದಿದ್ದಳಂತೆ. ನಾನು ಅವಳಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ, ಅನುವಾದಿಸಿರಲಿಲ್ಲ, ಅಷ್ಟೆ.

“ಬಾತುಕೋಳೀದಾ?” ಎಂದಳು. “ಮೊಟ್ಟೆ ಹಾಕಿದ ಬಿಸ್ಕತ್ತು ಮುಟ್ಟದ ಮನುಷ್ಯ, ಎದೆ ಮೇಲಿರೋ ಲಿಂಗಕ್ಕೆ ಬಾತುಕೋಳಿ ಪುಕ್ಕ ಹೊದಿಸ್ತೀರಾ?”

“ತಿನ್ನುವುದಲ್ಲವಲ್ಲ.”

“ಅದೇನು ತಾನಾಗಿ ಬಿಚ್ಚಿ ಕೊಡ್ತಾ? ನೀವು ಹೋಗಿ ಬನ್ನಿ, ಬೇಡ ಅನ್ನಲ್ಲ. ಇದು ಮಾತ್ರ ಪೂಜೆ ಮನೆ ಇರೋ ಮನೆಯೊಳಗೆ ಬರೋದು ಬೇಡ.”

ಜಾಕೆಟ್ಟು ಹಿಡಿದು ಬಂದ ಯಜಮಾನರ ಕಿವಿಗೆ ಕೊನೆಯ ಮಾತು ಬಿತ್ತು. “ನಾವೂ ನಿಮ್ಮೋರೇ ಅಮ್ಮ. ನಾನು ಮಾರ್ತೀನಿ, ಹಾಕ್ಕೊಳಲ್ಲ. ಪುಕ್ಕ ಬೇಡ ಅಂದ್ರೆ ಸಿಂಥೆಟಿಕ್ ನಾರು ತುಂಬಿದ್ದಿದೆ. ತೂಕ ಜಾಸ್ತಿ, ಮಡಚಿದ್ರೆ ಜಾಗಾನೂ ಜಾಸ್ತಿ. ಎರಡನ್ನೂ ಬಾಡಿಗೆಗೆ ತಗೊಂಡು ಗಿರಿ ಮೇಲೆ ಹಾಕ್ಕೊಂಡು ನೋಡಿ. ಆಮೇಲೆ ಜಗಳ ಆಡಿ.”

ಜೀಪು ಹಿಡಿದು ಕೈಮರದ ಚೆಕ್‌ಪೋಸ್ಟ್ ದಾಟಿ ಮುಳ್ಳಯ್ಯನಗಿರಿಯ ಮೆಟ್ಟಿಲ ಬುಡ ತಲುಪಿದೆವು. ಗಾಳಿ ಬಾಗಿಲನ್ನು ತೆರೆಯಗೊಡುತ್ತಿರಲಿಲ್ಲ. ನಾನು ತುಪ್ಪುಳಿನದನ್ನು ತೊಟ್ಟೆ. ಬೇರೆ ದಾರಿಯಿಲ್ಲದೆ ಸರೋಜ ನಾರಿನದನ್ನು ತೊಟ್ಟಳು.

ತುಪ್ಪುಳಿನದರ ಗುಣವನ್ನು ಇದ್ದಂತೆ ಹೇಳಬೇಕು. ತೊಟ್ಟದ್ದೇ ತಿಳಿಯಲಿಲ್ಲ. ಮೂರ್ನಾಲ್ಕು ಮೆಟ್ಟಿಲು ಹತ್ತುವುದರೊಳಗೆ ಬೆನ್ನು ಬೆಚ್ಚಗಾಯಿತು. ಬಂಡೆ ಹತ್ತುವವನಿಗೆ ತೋಳೆತ್ತಿದಾಗ ಸೊಂಟ ಬಯಲಾಗಬಾರದು. ಕರಿಹಲಗೆಯ ಮೇಲಂಚಿಗೆ ಕೈಚಾಚುವಂತೆ ಎರಡೂ ತೋಳೆತ್ತಿ ನೋಡಿದೆ, ಅಂಚು ಕದಲಲಿಲ್ಲ. ಉತ್ತರಕ್ಕೆ ಬಾಬಾಬುಡನ್‌ಗಿರಿಯ ಸಾಲು ಒಂದರ ಹಿಂದೊಂದು ಮಾಸುತ್ತ ಹೋಗಿತ್ತು. ಕಟ್ಟಕಡೆಯ ಮಬ್ಬು ಬೆಟ್ಟದಾಚೆಗೆ ಬಿಳಿಯ ಶಿಖರವೊಂದಿದೆ ಎಂದು ಕಲ್ಪಿಸಿಕೊಂಡೆ. ಇನ್ನೆರಡು ತಿಂಗಳಷ್ಟೆ ಎಂದು ಎಣಿಸಿದೆ.

ಅಷ್ಟರಲ್ಲಿ ಮಂಜು ಕವಿಯಿತು, ಹಿಂದೆಯೇ ತುಂತುರು. ತುಪ್ಪುಳಿಗೆ ಒಣ ಚಳಿ ಹಿತ, ನೀರು ವೈರಿ ಎಂದು ಓದಿದ್ದೆ. ತೋಳುಗಳ ಉಬ್ಬು ಇಳಿದು, ಒಳಗಿನದು ಅಲ್ಲಲ್ಲಿ ಮುದ್ದೆಯಾಗತೊಡಗಿತು.

“ನೆನೆದ ಬಾತುಕೋಳಿ ಹಾಗೇ ಇದ್ದೀರಿ,” ಎಂದು ಸರೋಜ ಬಾಯಿಗೆ ಸೆರಗು ಹಿಡಿದು ನಕ್ಕಳು. ನನಗೂ ನಗು ಬಂದಿತು. ಆದರೆ ಹಿಮದ ನಾಡಿನಲ್ಲಿ ಚಳಿ ಒಣಗಿರುತ್ತದೆಂದು ನನಗೆ ಗೊತ್ತಿತ್ತು. ಮನಸ್ಸು ಇನ್ನೂ ತುಪ್ಪುಳಿನ ಕಡೆಗೇ ಇತ್ತು.

ತುದಿಯ ಗುಡಿಯ ಗೋಡೆಯ ಮರೆಯಲ್ಲಿ ನಿಂತೆವು. ಅವಳು ಮಂಜನ್ನೇ ನೋಡುತ್ತಿದ್ದಳು.

“ಏನ್ರೀ, ಹಿಮ ಬೀಳೋವಾಗ ಸದ್ದಾಗತ್ತಾ?”

“ತಿಳಿಯದು. ಏಕೆ?”

“ನೀವು ಪಾಠ ತಯಾರಿ ಮಾಡ್ಕೊಳ್ಳೋವಾಗೆಲ್ಲ ಆ ‘ಹಿಮಾಲಯ’ ಅಡುಗೆಮನೆಯಿಂದ ಕೇಳಿಸ್ಕೊಂಡಿದ್ದೀನಿ. ಮಳೆ ಹಾಗೆ ಗಲಾಟೆ ಮಾಡತ್ತೋ, ಸುಮ್ನೆ ಬೀಳತ್ತೋ ಅಂತ ಯೋಚಿಸ್ತಿದ್ದೆ.”

“ನನ್ನೊಡನೆ ಹೇಳಬಹುದಿತ್ತಲ್ಲ?”

“ಹೇಳಿದ್ರೆ ವಾಕ್ಯದಲ್ಲಿ ತಪ್ಪು ಹುಡುಕ್ತಿದ್ರಿ.”

ಇಳಿಯುವಾಗ ಅವಳು ನನಗಿಂತ ಮುಂದೆ ಇದ್ದಳು. ಮೆಟ್ಟಿಲು ಜಾರುತ್ತಿದ್ದರೂ ಹೆಜ್ಜೆ ತಪ್ಪಲಿಲ್ಲ.

ಅಂಗಡಿಯಲ್ಲಿ ಅವಳು ನಾರಿನ ಜಾಕೆಟ್ಟನ್ನು ಬಿಚ್ಚಿ, ತೋಳುಗಳನ್ನು ಒಳಗೆ ಮಡಚಿ, ಮೇಜಿನ ಮೇಲಿಟ್ಟಳು. ಅದರ ಮೇಲಿನಿಂದ ಕೈಯನ್ನು ಮಾತ್ರ ತೆಗೆಯಲಿಲ್ಲ. “ಭಾರ ಅಂದ್ರಲ್ಲ, ನನಗೇನೂ ಅನ್ನಿಸ್ಲಿಲ್ಲಪ್ಪ,” ಎಂದಳು.

“ಇಂಥದೇ ಎರಡು ಕೊಡಿ,” ಎಂದೆ ಯಜಮಾನರಿಗೆ.

“ಎರಡ್ಯಾಕೆ? ಜನವರಿಗೆ ಜಾಗ ಒಂದೇ ಅಂದಿದ್ರಿ,” ಎಂದಳು ಸರೋಜ.

“ಜನವರಿ ಬೇಡ. ಮುಂದಿನ ಚಳಿಗಾಲಕ್ಕೆ ಇಬ್ಬರೂ ಹೋಗೋಣ.”

ಅವಳ ಎದುರಿಗೇ ತಂಡದ ಮುಖ್ಯಸ್ಥರಿಗೆ ಫೋನು ಮಾಡಿದೆ. “ಯೋಚ್ನೆ ಮಾಡಿ ಸಾರ್, ಕಾಯ್ತಾ ಇರೋರು ಇದ್ದಾರೆ. ಬಿಟ್ರೆ ಹೋಯ್ತು,” ಎಂದರು. ಬಿಟ್ಟೆನೆಂದು ಹೇಳಿದೆ. ಆ ಒಂದು ಕ್ರಿಯಾಪದವನ್ನು ಉಚ್ಚರಿಸುವುದು ಅಷ್ಟು ಕಷ್ಟವಾದೀತೆಂದು ನಾನು ಎಣಿಸಿರಲಿಲ್ಲ. ಸರೋಜ ಜಾಕೆಟ್ಟಿನ ಜಿಪ್ಪನ್ನು ಎಳೆದು ನೋಡುತ್ತ, ಬಹಳ ಹೊತ್ತು ತಲೆಯೆತ್ತಲಿಲ್ಲ.

ಯಜಮಾನರು ತುಪ್ಪುಳಿನದನ್ನು ಒಣಗಲೆಂದು ಫ್ಯಾನಿನ ಕೆಳಗೆ ತೂಗುಹಾಕಿದರು. ಗಾಳಿಗೆ ಅದು ಮೆಲ್ಲನೆ ಉಬ್ಬತೊಡಗಿತ್ತು. ಬೀದಿಗಿಳಿದ ಮೇಲೂ ಒಮ್ಮೆ ತಿರುಗಿ ನೋಡಿದೆ.

ಮೂಡಿಗೆರೆಯ ದಾರಿಯಲ್ಲಿ ಕತ್ತಲಾಯಿತು. ಸರೋಜ ಹೊಸ ಜಾಕೆಟ್ಟನ್ನು ತೊಟ್ಟೇ ಕುಳಿತಿದ್ದಳು. ಹಿಮದಲ್ಲಿ ಸೀರೆ ಉಡಬಹುದೇ ಎಂದು ಕೇಳಿದಳು, ಮಂಜಪ್ಪನವರಿಗೆ ಈಗಲೇ ಹೇಳಬಾರದೆಂದಳು. ನನ್ನದು ತೊಡೆಯ ಮೇಲಿತ್ತು, ಹೇಳಿದ್ದಷ್ಟೇ ಭಾರವಾಗಿ. ಇದನ್ನು ಬರೆಯುತ್ತಿರುವ ಹೊತ್ತಿಗೂ ನಾವು ಹಿಮವನ್ನು ಕಂಡಿಲ್ಲ. ಯಾವ ಅಂಗಿ, ಎಷ್ಟು ಜನ ಎಂಬ ಪ್ರಶ್ನೆಗಳೆರಡೂ ತೀರ್ಮಾನವಾದದ್ದು ೨೦೨೪ನೆಯ ಇಸವಿಯ ನವೆಂಬರ್ ೧೯, ಮಂಗಳವಾರ.