ಪರದೆಗೆ ಹಿಡಿದ ಹೊಗೆ

ನಿನ್ನೆ ತಂಗಿಯ ಮೊಮ್ಮಗಳ ಬಾಣಂತಿ ಕೋಣೆಗೆಂದು, ನನ್ನ ಟ್ರಂಕಿನಲ್ಲಿದ್ದ ದಪ್ಪ ಪರದೆಯೊಂದನ್ನು ತೆಗೆದು ಕಟ್ಟಿಸಿದೆ. ಅದಕ್ಕೆ ನ್ಯಾಫ್ತಲೀನ್ ಗುಳಿಗೆಯ ವಾಸನೆ. ಒಳಗೆ ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿದರು. ಎರಡೂ ಒಟ್ಟಿಗೆ ಮೂಗಿಗೆ ಬಂದದ್ದೇ ತಡ, ನಮ್ಮ ಮೇಡಂ ಎದುರಿಗೆ ನಿಂತಂತಾಯಿತು...

ಎಪ್ಪತ್ತರ ದಶಕದ ಕೊನೆ. ಕಾನ್ವೆಂಟ್ ಇಂಗ್ಲಿಷಿನ ಜಂಬ ಹೊತ್ತು ಬಾಗಲಕೋಟೆಯ ಕಾಲೇಜೊಂದಕ್ಕೆ ಬಂದ ನಾನು ಅವರ ರಿಸರ್ಚ್ ಅಸಿಸ್ಟೆಂಟ್. ಡಿಸಾಸ್ಟರ್ ಪಾಲಿಸಿ ಎಂಬ ಮಾತು ನಮ್ಮ ಕಡೆ ಯಾರ ಕಿವಿಗೂ ಬೀಳದ ಕಾಲದಲ್ಲಿ, ಹೊಳೆ ಏರಿದಾಗ ಜನ ಯಾಕೆ ಮನೆ ಬಿಟ್ಟು ಹೊರಡುವುದಿಲ್ಲ ಎಂಬುದೇ ಅವರ ಜೀವನದ ಪ್ರಶ್ನೆ.

ಕೂಡಲಸಂಗಮದ ಆಚೆ, ಮಲಪ್ರಭೆಯ ದಂಡೆಯ ಹಳ್ಳಿಯಲ್ಲಿ ಮುದುಕಿಯೊಬ್ಬಳು ಉತ್ತರ ಕೊಟ್ಟಳು. ಹಿಂದಿನ ನೆರೆಯಲ್ಲಿ ಅವಳ ಮನೆಯವರು ಹೊರಟಿರಲಿಲ್ಲ. ಹಿರಿಯ ಸೊಸೆ ಹಡೆದಿದ್ದಳು. ನೀರು ಹೊಸ್ತಿಲ ತನಕ ಬಂದು ಇಳಿದಿತ್ತು.

"ಐದೇಶಿ ಆಗೂತನಕಾ ಬಾಣಂತಿ, ಕೂಸು ಮಂದಿ ಕಣ್ಣಿಗೆ ಬೀಳಬಾರ್ದವ್ವಾ," ಎಂದಳು. ಐದನೆಯ ದಿನದ ಪೂಜೆಯ ಮಾತು ಅದು.

"ಸಾಲ್ಯಾಗ ಬ್ಯಾರೇ ಖೋಲಿ, ಒಂದ ಪಡದಿ, ಕೆಂಡದ ಗಡಿಗಿ ಇದ್ರ?" ಮೇಡಂ ಕೇಳಿದರು.

ಮುದುಕಿ ಯೋಚಿಸಿದಳು. "ಹಂಗಿದ್ರ ಬರ್ತೇವಿ. ಅದಿರ್ಲಿ, ನಿನಗೆಷ್ಟ ಮಕ್ಕಳವ್ವಾ?"

"ಒಂದೂ ಇಲ್ಲಬೇ."

ಮುದುಕಿ ಮೇಡಂ ಕೈಯ ನೋಟ್‌ಬುಕ್ಕಿನತ್ತ ಬೆರಳು ಮಾಡಿದಳು. "ಅದಕ್ಕ ಪುಸ್ತಕಾ ಹಡ್ಯಾಕ ಹತ್ತೀ!"

ಎಲ್ಲರಿಗಿಂತ ಹೆಚ್ಚು ನಕ್ಕವರು ಮೇಡಂ.

ಎವ್ಯಾಕ್ಯುಯೇಶನ್ ಪ್ಲಾನಿನ ಮೀಟಿಂಗಿನಲ್ಲಿ ಅವರು ಬೇಡಿದ್ದು ಇಷ್ಟೇ: ಶಾಲೆಯ ಒಂದು ಕೋಣೆ ಬಾಣಂತಿಯರಿಗೆ ಮೀಸಲಿರಲಿ. ಸಾಹೇಬರೊಬ್ಬರು ನಕ್ಕರು. "ನಾವು ಮಂದೀನ್ನ ಉಳಸೂದೋ, ಮಡಿ-ಮೈಲಿಗಿ ಉಳಸೂದೋ, ಮೇಡಂ?"

"ಮಡಿ-ಮೈಲಿಗಿ ಉಳಸ್ರಿ ಸಾಹೇಬ್ರ. ಮಂದಿ ತಾವಾಗೇ ಉಳೀತಾರ."

ಸಾಹೇಬರು ಒಪ್ಪಲಿಲ್ಲ. ಮೇಡಂ ಇಳಕಲ್ಲಿನಲ್ಲಿ ತಾವೇ ದಪ್ಪ ಬಟ್ಟೆ ನೇಯಿಸಿ ಆ ಶಾಲೆಗೆ ಒಯ್ದರು. ಮೇಲಿನ ಆರ್ಡರ್ ಇಲ್ಲದೆ ಕೋಣೆ ಬಿಟ್ಟುಕೊಡಲಾರೆ ಎಂದು ಹೆಡ್‌ಮಾಸ್ತರರು ಕೈಮುಗಿದರು. ಪರದೆ ಮೇಡಂ ಅವರ ಕಪಾಟು ಸೇರಿತು.

ಮುಂದಿನ ಮಳೆಗಾಲ ಹೊಳೆ ಮತ್ತೆ ಏರಿತು. ಆಗ ಕಿರಿಯ ಸೊಸೆ ಹಡೆದಿದ್ದಳು, ಐದೇಶಿ ಆಗಿರಲಿಲ್ಲ. ದೋಣಿ ಬಂದಾಗ ಮುದುಕಿ ಕೇಳಿದ್ದು ಒಂದೇ ಮಾತಂತೆ: "ಸಾಲ್ಯಾಗ ಖೋಲಿ ಐತೇನು?"

"ಎಲ್ಲೀ ಖೋಲಿ ಆಯಿ, ಎಲ್ಲಾರೂ ಕೂಡೇ ಇರೂದು," ಎಂದ ದೋಣಿಯವನು.

ಉಳಿದವರನ್ನೆಲ್ಲ ಹತ್ತಿಸಿ, ಬಾಣಂತಿಯ ಜೊತೆ ತಾನುಳಿದು ಬಾಗಿಲು ಹಾಕಿಕೊಂಡಳು. ಮಣ್ಣಿನ ಗೋಡೆ... ಮೂವರೂ ಹೋದರು. ಕೂಸಿಗೆ ಹೆಸರೂ ಇಟ್ಟಿರಲಿಲ್ಲ.

ಅದನ್ನೇ ಬರೆದ ಪೇಪರನ್ನು ಮೇಡಂ ದಿಲ್ಲಿಯ ಸೆಮಿನಾರಿನಲ್ಲಿ ಓದಿದಾಗ ಇಡೀ ಹಾಲ್ ಎದ್ದು ಚಪ್ಪಾಳೆ ತಟ್ಟಿತು. ಪ್ರೊಫೆಸರ್ ಆದರು, ದೊಡ್ಡ ದೊಡ್ಡ ಕಮಿಟಿಗಳಲ್ಲಿ ಕೂತರು. "ವಾಟ್ ಎ ಕೆರಿಯರ್!" ಎಂದು ಸೆಂಡ್‌ಆಫ್‌ನಲ್ಲಿ ಎಲ್ಲರೂ ಹೊಗಳಿದರು. ಅವತ್ತೇ ಕಪಾಟು ಖಾಲಿ ಮಾಡುತ್ತ, ಆ ಪರದೆಯನ್ನು ನನ್ನ ಕೈಗಿಟ್ಟರು.

"ನಾ ಹಡದ ಪುಸ್ತಕಾ ಎಲ್ಲಾ ಉಳದಾವ ನೋಡ," ಎಂದರು. ಖಾಲಿ ಕಪಾಟಿನ ಬಾಗಿಲು ಹಾಕಿದರು.

ಅವರೂ ಹೋಗಿ ಎಷ್ಟೋ ವರ್ಷವಾಯಿತು. ಇವತ್ತು ಬೆಳಗ್ಗೆ ಪರದೆಯ ಅಂಚನ್ನು ಮೂಗಿಗೆ ಹಿಡಿದು ನೋಡಿದೆ. ನ್ಯಾಫ್ತಲೀನ್ ಹೋಗಿದೆ, ಈಗ ಬರೀ ಅಜವಾನದ ಹೊಗೆ. ಒಳಗೆ ಕೂಸು ಅಳುತ್ತಿತ್ತು. ಆ ಪರದೆ ಕಡೆಗೂ ಒಬ್ಬ ಬಾಣಂತಿಯ ಬಾಗಿಲಿಗೆ ಬಂತು ಎಂದು ಓಡಿಹೋಗಿ ಹೇಳಬೇಕೆನಿಸಿತು... ಯಾರಿಗೆ?