ತಡವಾಗಿ ಬೀಳುವ ನಾಲ್ಕನೇ ಏಟು

ನಾನು ಬರೆದ ಸಂಗೀತದಲ್ಲಿ ಜನ ಇಂದಿಗೂ ಕೇಳುವುದು, ನುಡಿಸುವುದು ಒಂದನ್ನೇ. ಪಿಟೀಲು ಮತ್ತು ಚೆಲ್ಲೊ, ಎರಡೇ ವಾದ್ಯಗಳಿಗೆ ಬರೆದ ಸಣ್ಣ ಕೃತಿ. ಅದಕ್ಕೆ ಸ್ಫೂರ್ತಿ ಏನು ಅಂತ ಯಾರಾದರೂ ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಅಪ್ಪನ ಮಗ್ಗ ಎಂದಷ್ಟೇ ಹೇಳಿ ಮಾತು ತಿರುಗಿಸುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ಕೋಯಮತ್ತೂರಿನ ಪಕ್ಕದ ಪೋತ್ತನೂರಿನಲ್ಲಿ ಒಂದು ಕೋಣೆ ಹಿಡಿದು ರೈಲ್ವೆ ನೌಕರರ ಮಕ್ಕಳಿಗೆ ಪಿಟೀಲು ಕಲಿಸುತ್ತಿದ್ದೆ. ಪಕ್ಕದ ಮನೆಯ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು ಚೆಲ್ಲೊ ನುಡಿಸುತ್ತಿದ್ದರು. ಪಿಟೀಲಿನ ದೊಡ್ಡಣ್ಣನಂಥ, ನೆಲಕ್ಕೆ ಊರಿ ನುಡಿಸುವ ವಾದ್ಯ ಅದು. ಸಂಗೀತ ಬರೆಯುವುದನ್ನು ನನಗೆ ಕಲಿಸಿದವರೂ ಅವರೇ. ನಾನು ಏನು ಬರೆದು ಒಯ್ದರೂ ಒಮ್ಮೆ ನುಡಿಸಿ ನೋಡಿ, ಎಲ್ಲೋ ಕೇಳಿದ ಹಾಗಿದೆ ಎಂದು ಪಕ್ಕಕ್ಕಿಡುತ್ತಿದ್ದರು. ನನ್ನದೇ ಅನ್ನುವಂಥದ್ದು ಒಂದನ್ನಾದರೂ ಬರೆಯಬೇಕೆಂಬ ಹಟ ನೆತ್ತಿಗೇರಿತ್ತು.

ಭಾನುವಾರ ಪಲ್ಲಡಂ ಹತ್ತಿರದ ನಮ್ಮ ಮನೆಗೆ ಹೋಗುತ್ತಿದ್ದೆ. ವಿದ್ಯುತ್ ಮಗ್ಗಗಳ ಗದ್ದಲದ ನಡುವೆ ಬೀದಿಯಲ್ಲಿ ಉಳಿದಿದ್ದ ಒಂದೇ ಕೈಮಗ್ಗ ಅಪ್ಪನದು. ಗುಂಡಿಮಗ್ಗ ಅದು. ನೇಯುವವನು ನೆಲದ ಮೇಲೆ ಕೂತು, ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟು, ಅಲ್ಲಿರುವ ನಾಲ್ಕು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಪ್ರತಿ ತುಳಿತಕ್ಕೆ ಲಾಳಿ ಒಮ್ಮೆ ಓಡಿ ಒಂದು ಏಟು ಬೀಳುತ್ತದೆ. ಒಂದು ಭಾನುವಾರ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಕಿವಿಗೆ ಬಿತ್ತು: ಮೂರು ಏಟು ಸಮ, ನಾಲ್ಕನೆಯದು ತುಸು ತಡ. ಯಾವ ಪುಸ್ತಕದಲ್ಲೂ ಇಲ್ಲದ ನಡೆ ನಮ್ಮ ಮನೆಯಲ್ಲೇ ಇದೆಯಲ್ಲ ಎಂದು ಹಿಗ್ಗಿಹೋದೆ.

ಮುಂದಿನ ವಾರ ಗಾರ್ಡ್ ಅವರ ಟೇಪ್ ರೆಕಾರ್ಡರನ್ನು ಹೊತ್ತುಕೊಂಡು ಹೋಗಿ ಮಗ್ಗದ ಪಕ್ಕ ಇಟ್ಟೆ. ಅಪ್ಪ ಹಲ್ಲು ಕಚ್ಚಿ ನಾಲ್ಕೂ ಏಟು ಸಮವಾಗಿ ಹಾಕಿದ. ನನಗೆ ಸಿಟ್ಟು ಬಂತು.

"ಹಂಗಲ್ಲ ಅಪ್ಪ. ದಿನಾ ಹೆಂಗೆ ನೆಯ್ತೀಯೋ ಹಂಗೇ ನೆಯ್ಯಿ."

ಅಪ್ಪ ಅವ್ವನ ಮುಖ ನೋಡಿದ. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅವ್ವ ತಲೆ ತಗ್ಗಿಸಿದಳು.

"ಆಯ್ತು ಕಣ್ಣು, ನಿಂಗೆ ಹೆಂಗೆ ಬೇಕೋ ಹಂಗೇ ಆಗ್ಲಿ" ಎಂದ, ಮುದ್ದಿನಿಂದ ನನ್ನನ್ನು ಕಣ್ಣು ಎಂದೇ ಕರೆಯುವ ಅಪ್ಪ. ನಾಲ್ಕನೇ ಏಟು ಮತ್ತೆ ತಡವಾಗತೊಡಗಿತು. ನಾನು ಕಣ್ಣು ಮುಚ್ಚಿ ಕೇಳುತ್ತ ಕೂತೆ. ಸಂಗೀತಗಾರನಂತೆ! ಗುಂಡಿಯೊಳಕ್ಕೆ ಒಮ್ಮೆ ಬಗ್ಗಿ ನೋಡಬೇಕು ಅಂತ ಹೊಳೆಯಲಿಲ್ಲ.

ಕೃತಿ ಮುಗಿಸಲು ಮೂರು ತಿಂಗಳು ಹಿಡಿಯಿತು. ಗಾರ್ಡ್ ನುಡಿಸಿ ನೋಡಿ, ಇದು ನಿನ್ನದು ಎಂದರು. ಚರ್ಚಿನ ಸಭಾಂಗಣದಲ್ಲಿ ಇಬ್ಬರೂ ಸೇರಿ ನುಡಿಸಿದೆವು. ಅಪ್ಪ ಅವ್ವ ಬಸ್ಸಿನಲ್ಲಿ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಎಲ್ಲರೂ ಹೋದ ಮೇಲೆ ಅಪ್ಪ ಮೆಲ್ಲಗೆ ಕೇಳಿದ.

"ಆ ನಾಕನೇ ಏಟು, ಅದು ನನ್ನ ಕಾಲು ಅಲ್ವಾ ಕಣ್ಣು?"

ಪಂಚೆ ಸರಿಸಿ ಬಲಗಾಲು ತೋರಿಸಿದ. ಪಾದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಎರಡು ಬೆರಳು ಕಪ್ಪಾಗಿದ್ದವು. ಸಕ್ಕರೆ ಕಾಯಿಲೆ.

"ಕಾಲಿಗೆ ಏನೂ ತಿಳೀತಿಲ್ಲ. ಕೊನೇ ಹಲಗೆ ಎಲ್ಲೈತೆ ಅಂತ ತಡಕಿ ತುಳೀಬೇಕು."

"ಯಾಕಪ್ಪ ಹೇಳ್ಲಿಲ್ಲ?"

ಅವ್ವ ಹೇಳಿದಳು: "ಹೇಳಿದ್ರೆ ನೀನು ಪಿಟೀಲು ಬಿಟ್ಟು ಮಗ್ಗಕ್ಕೆ ಬಂದು ಕೂತ್ಕೊಂತೀಯ ಅಂತ ಭಯ ಅವ್ರಿಗೆ."

ಕೋಯಮತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಕಾಲು ನೋಡಿ, ಮೂರು ತಿಂಗಳು ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದರು. ಆ ಮೂರು ತಿಂಗಳು ನಾನು ಏನು ಮಾಡುತ್ತಿದ್ದೆನೆಂದು ಯಾರಿಗೆ ಹೇಳಲಿ? ಪಾದ ತೆಗೆದರು. ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಕೈಕಟ್ಟಿ ನಿಂತಿದ್ದೆ. ನನ್ನಿಂದ ಆಗುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ.

ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಅಪ್ಪ ಮಂಚದಲ್ಲಿ ಒರಗಿ, "ಆ ನಾಕನೇ ಏಟನ್ನ ಒಂದ್ಸಲ ಸಮ ಮಾಡಿ ಬಾರಿಸು, ಕೇಳೋಣ" ಎಂದ. ಪಿಟೀಲು ತೆಗೆದೆ. ಮೂರು ಏಟು ಸಮವಾಗಿ ಬಂದವು. ನಾಲ್ಕನೆಯದಕ್ಕೆ ಕಮಾನು ತಾನಾಗಿಯೇ ತಡ ಮಾಡಿತು. ಮತ್ತೆ ಶುರು ಮಾಡಿದೆ, ಮತ್ತೆ ಅಲ್ಲೇ ತಡ. ಮೂರನೇ ಸಲಕ್ಕೆ ಕಣ್ಣಲ್ಲಿ ನೀರು ಬಂತು.

ಅಪ್ಪ ನನ್ನ ಮಂಡಿಯ ಮೇಲೆ ಕೈಯಿಟ್ಟ.

"ಬಿಡು ಕಣ್ಣು. ನಿಂಗೂ ಆ ಹಲಗೆ ಸಿಕ್ತಿಲ್ಲ."