ಅತ್ತೆಯ ಕೆಮ್ಮು, ಪುಟ್ಟಿಯ ಕಿವಿ

ಕೆಮ್ಮುವವರಿಗೆ ಬಸ್ಸಿನಲ್ಲಿ ಸೀಟು ಸಲೀಸಾಗಿ ಸಿಗುತ್ತದೆ ಎಂಬುದು ನನಗೆ ಈಚೆಗೆ ಗೊತ್ತಾದ ಸಂಗತಿ. ಶಿಕಾರಿಪುರದಿಂದ ಅಂಬ್ಲಿಗೊಳದ ಕಡೆಯ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗುವ ಮೇಷ್ಟರಮ್ಮ ನಾನು. ಮೊನ್ನೆ ಕೂತು ಎರಡು ಸಲ ಕೆಮ್ಮಿದೆ ಅಷ್ಟೆ, ಪಕ್ಕದಾಕೆ ಮೂಗಿಗೆ ಸೆರಗು ಹಿಡಿದು ಎದ್ದು ಹೋದರು. ಕಿಟಕಿ ನನ್ನದಾಯಿತು. ಸುಳ್ಳೇಕೆ ಹೇಳಲಿ, ಖುಷಿಯೇ ಆಯಿತು.

ಖುಷಿ ಸಂಜೆಯವರೆಗೂ ಉಳಿಯಲಿಲ್ಲ. ಸೊರಬದಲ್ಲಿರುವ ನನ್ನ ತಮ್ಮ ಗಿರೀಶನಿಗೆ ತಡವಾಗಿ ಹುಟ್ಟಿದ ಮಗಳ ನಾಮಕರಣ ಹತ್ತಿರ ಬಂದಿತ್ತು. ನಮ್ಮಲ್ಲಿ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅವನಿಗಿರುವ ಅಕ್ಕ ನಾನೊಬ್ಬಳೇ. ಆ ಗುದ್ದಿಗಾಗಿ ಅವನ ಮದುವೆಯಾದಾಗಿನಿಂದ ಕಾದಿದ್ದೇನೆ.

"ಬ್ರಾಂಕೈಟಿಸ್ ರೀ, ಶ್ವಾಸನಾಳ ಊದ್ಕೊಂಡಿದೆ" ಎಂದರು, ಸಂಜೆ ಕೆಮ್ಮು ತೋರಿಸಲು ಹೋದಾಗ ಡಾಕ್ಟರಮ್ಮ.

"ಅಂಟುತ್ತಾ?"

"ಊತ ಅಂಟಲ್ಲ. ಊತ ತಂದಿರೋ ವೈರಸ್ ಅಂಟುತ್ತೆ."

ವರ್ಷಗಟ್ಟಲೆ ಬೀಡಿ ಸೇದಿ ಕೆಮ್ಮುವವರದು ಬೇರೆಯಂತೆ, ಅದು ಯಾರಿಗೂ ದಾಟದು. ನನ್ನದು ನೆಗಡಿಯ ಬೆನ್ನಿಗೆ ಬಂದದ್ದು. ಕೆಮ್ಮಿನ ಹನಿಯಲ್ಲೋ ಕೈಯಲ್ಲೋ ದಾಟೀತು. ದಾಟುವ ಕಾಲ ಮುಗಿದರೂ ಬರೀ ಕೆಮ್ಮು ವಾರಗಟ್ಟಲೆ ಉಳಿಯುವುದುಂಟು. ಇದೆಲ್ಲ ಆಗಲೇ ಗೊತ್ತಿದ್ದರೆ ಬಸ್ಸಿನಾಕೆಗೆ ವಿವರಿಸಬಹುದಿತ್ತು, ಆದರೆ ಕಿಟಕಿ ಹೋಗುತ್ತಿತ್ತು.

ಕಿವಿಯಲ್ಲಿ ಹೆಸರು ಹೇಳುವ ವಿಷಯ ಎತ್ತಿದೆ. "ಎಳೇ ಮಗು ರೀ. ಕೆಮ್ಮು ಪೂರ್ತಿ ನಿಲ್ಲಲಿ" ಎಂದುಬಿಟ್ಟರು.

ಗಿರೀಶನಿಗೆ ಫೋನ್ ಮಾಡಿ, ಬೇರೆ ಯಾರಾದರೂ ಹೇಳಲಿ ಎಂದೆ.

"ಬ್ಯಾಡ ಅಕ್ಕಾ, ನೀ ಬರೋ ತನ್ಕ ತಡೀತೀವಿ. ಅಲ್ಲೀ ತನ್ಕ ಅದು ಪುಟ್ಟಿ."

ಅಲ್ಲಿಂದ ನನ್ನ ಕೆಮ್ಮು ಎರಡು ತಾಲ್ಲೂಕಿನ ಸಮಾಚಾರವಾಯಿತು. ಜಡೆ ಊರಿನಿಂದ ಗಿರೀಶನ ಹೆಂಡತಿಯ ಅಮ್ಮ ಬೆಳಬೆಳಗ್ಗೆ ಫೋನ್ ಮಾಡಿ, "ನಿಂತ್ತಾ?" ಎನ್ನುವರು. ನಿಂತಿದೆ ಎನ್ನಲು ಬಾಯಿ ತೆರೆದರೆ ಸಾಕು, ಕೆಮ್ಮೇ ಉತ್ತರ ಕೊಡುತ್ತಿತ್ತು. "ಇರ್ಲಿ ಬಿಡ್ರೀ, ಪುಟ್ಟಿಗೇನ್ ಅವಸ್ರ ಇಲ್ಲ" ಎಂದು ಅವರೇ ಸಮಾಧಾನ ಹೇಳುವರು. ನನ್ನ ಜೀವಮಾನದಲ್ಲಿ ಇಷ್ಟು ಜನ ನನಗಾಗಿ ಕಾದದ್ದಿಲ್ಲ.

ಕೊನೆಗೊಂದು ದಿನ ಫೋನಿನಲ್ಲಿ ಕೆಮ್ಮದೆ ಬರೀ ಮಾತಾಡಿದೆ. ಡಾಕ್ಟರಮ್ಮನೂ ಹೂಂ ಎಂದರು.

ಸೊರಬದಲ್ಲಿ ಸೋಪು ಹಚ್ಚಿ ಕೈ ತೊಳೆದು ತೊಟ್ಟಿಲಿಗೆ ಬಗ್ಗಿದೆ. ಹೆಸರು ಹೇಳುತ್ತಿದ್ದಂತೆ ಬೆನ್ನಿಗೆ ಗುದ್ದು ಬಿತ್ತು. ಇಷ್ಟು ದಿನ ಕಾಯಿಸಿದ್ದಕ್ಕೆ ಬಡ್ಡಿ ಸಮೇತ. ಎಲ್ಲರೂ ನನ್ನ ಕೆಮ್ಮಿಗೆ ಕಿವಿಗೊಟ್ಟು ನಿಂತರು. ಬರಲಿಲ್ಲ. ಅಷ್ಟರಲ್ಲಿ ಪುಟ್ಟಿ ಕಣ್ಣು ಬಿಟ್ಟು ನನ್ನನ್ನು ನೋಡಿದಳು, ನೋಡುತ್ತಲೇ ನನ್ನ ಮುಖಕ್ಕೆ ಸರಿಯಾಗಿ ಸೀನಿದಳು.

ಗಿರೀಶ ಟವೆಲು ಹಿಡಿದು ಓಡಿ ಬಂದ. ಅಂಟು, ಹನಿ, ವೈರಸ್ಸು ಎಂದು ಊರಿಗೆಲ್ಲ ಪಾಠ ಹೇಳಿದ್ದ ನಾನು, "ಇರ್ಲಿ ಬಿಡೋ" ಎಂದೆ. ಒರೆಸಿಕೊಳ್ಳುವ ಮನಸ್ಸಾಗಲಿಲ್ಲ.